ಕಂಬ ಮೊದಲು, ಗೋಡೆ ಆಮೇಲೆ: ಚಿಕಿತೋಸ್ ಕಾಡಿನ ಒಂದು ಪ್ರಕರಣ

ಈ ಬರಹದಲ್ಲಿ ಒಬ್ಬ ಪಾದ್ರಿ ಬರುತ್ತಾರೆ. ಅವರ ಹೆಸರು ಚರಿತ್ರೆಯಲ್ಲಿದೆ, ಹುಡುಕಿದರೆ ಸಿಗುತ್ತದೆ. ಆದರೂ ನಾನು ಬರೆಯುತ್ತಿಲ್ಲ. ಅವರ ಜೊತೆ ಮರ ಕಡಿದವರು, ಕಂಬ ಕೆತ್ತಿದವರು, ಪಿಟೀಲು ಮಾಡಿದವರು, ಸ್ವರದ ಹಾಳೆಗಳನ್ನು ನಕಲು ಮಾಡಿದವರು ತುಂಬಾ ಜನ. ಅವರಲ್ಲಿ ಹೆಚ್ಚಿನವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಒಬ್ಬರ ಹೆಸರು ಹಿಡಿದು ಕಥೆ ಹೇಳಿದರೆ ಓದುವವರ ಕಣ್ಣು ಆ ಒಬ್ಬರ ಮೇಲೇ ನಿಂತುಬಿಡುತ್ತದೆ. ಅದಕ್ಕೆ ಎಲ್ಲರನ್ನೂ ಅವರವರ ಕೆಲಸದಿಂದಲೇ ಕರೆಯುತ್ತೇನೆ. ಪಾದ್ರಿ, ಬಡಗಿ, ನಕಲುಗಾರ, ಹಾಡುಗಾರ. ಊರು ಮತ್ತು ವರ್ಷ ಮಾತ್ರ ಇದ್ದದ್ದು ಇದ್ದ ಹಾಗೆ.

ಹೊರಗಿನಿಂದ ಬಂದವರು ಒಂದು ಊರಿನಲ್ಲಿ ಏನಾದರೂ ಕಟ್ಟುತ್ತಾರೆ, ಕಲಿಸುತ್ತಾರೆ. ಒಂದು ದಿನ ಹೊರಟುಹೋಗುತ್ತಾರೆ. ಆಮೇಲೆ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ, ಯಾಕೆ? ಶಾಲೆ ನಡೆಸುವವರಿಗೆ, ಸಂಗೀತ ಕಲಿಸುವವರಿಗೆ, ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಇಲ್ಲಿ ಅದಕ್ಕೆ 250 ವರ್ಷಗಳಷ್ಟು ಉದ್ದದ ಉತ್ತರ ಇದೆ. ಅಷ್ಟು ಉದ್ದದ ಉತ್ತರ ಸಿಗುವುದು ಅಪರೂಪ ಅಲ್ವಾ?

ಸೀಮೆ ಮತ್ತು ಜನ

ಇಂದಿನ ಬೊಲಿವಿಯಾದ ಪೂರ್ವಕ್ಕೆ, ಸಾಂತಾ ಕ್ರೂಸ್ ನಗರದಿಂದ ಬ್ರೆಜಿಲ್ ಗಡಿಯ ಕಡೆಗೆ ಹರಡಿರುವ ಸೀಮೆ ಚಿಕಿತೋಸ್. ಒಣ ಕಾಡು, ಕೆಂಪು ಮಣ್ಣು, ಕೆಲವು ತಿಂಗಳು ಜೋರು ಮಳೆ, ಉಳಿದಂತೆ ಬಿಸಿಲು. ಸ್ಪ್ಯಾನಿಷ್ ಭಾಷೆಯಲ್ಲಿ ಚಿಕಿತೋ ಅಂದರೆ ಪುಟ್ಟವನು. ಇಲ್ಲಿನ ಜನ ಗಿಡ್ಡ ಇದ್ದರು ಅಂತಲ್ಲ. ಅವರ ಗುಡಿಸಲುಗಳ ಬಾಗಿಲು ತೀರಾ ತಗ್ಗು, ಬಗ್ಗಿ ತೆವಳಿಕೊಂಡೇ ಒಳಗೆ ಹೋಗಬೇಕಿತ್ತು. ಅದನ್ನು ನೋಡಿ ಸ್ಪೇನಿನವರು ಆ ಹೆಸರಿಟ್ಟರು ಎನ್ನುತ್ತಾರೆ. ಬಾಗಿಲು ನೋಡಿ ಜನರಿಗೆ ಹೆಸರಿಟ್ಟುಬಿಟ್ಟರು. ಅದೇ ಹೆಸರು ಇವತ್ತಿಗೂ ಉಳಿದಿದೆ.

ಆ ಕಾಡಿನಲ್ಲಿ ಇದ್ದದ್ದು ಒಂದೇ ಜನಾಂಗ ಅಲ್ಲ. ಹತ್ತಾರು ಗುಂಪುಗಳು, ಬೇರೆ ಬೇರೆ ಭಾಷೆಗಳು. ಎಲ್ಲರಿಗೂ ಸಮಾನವಾಗಿದ್ದದ್ದು ಒಂದು ಭಯ. ಪಶ್ಚಿಮದ ಕಡೆಯಿಂದ ಸಾಂತಾ ಕ್ರೂಸ್‌ನ ಸ್ಪೇನಿಗರು ಬಂದು ಆಳುಗಳನ್ನು ಹಿಡಿದೊಯ್ಯುತ್ತಿದ್ದರು. ಪೂರ್ವದಿಂದ ಪೋರ್ಚುಗೀಸರ ಕೈಯಲ್ಲಿದ್ದ ಬ್ರೆಜಿಲಿನ ಸಾವ್ ಪಾವ್ಲೋ ಊರಿನ ದಂಡುಗಳು ಗುಲಾಮರನ್ನು ಹುಡುಕಿಕೊಂಡು ಬರುತ್ತಿದ್ದವು. ಇದರ ನಡುವೆ 1691ರಲ್ಲಿ ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘದ, ಅಂದರೆ ಜೆಸ್ವಿಟ್, ಪಾದ್ರಿಗಳು ಬಂದು ಸಾನ್ ಹಾವಿಯೆರ್ ಎಂಬ ಮೊದಲ ಊರು ಕಟ್ಟಿದರು. ನಮ್ಮ ಪಕ್ಕದ ಗೋವಾದಲ್ಲಿ ಯಾರ ದೇಹವನ್ನು ಇಟ್ಟಿದ್ದಾರೋ, ಅದೇ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಹೆಸರು ಈ ಊರಿಗೆ. ಆಮೇಲೆ ಸಾನ್ ರಫಾಯೆಲ್, ಸಾನ್ ಹೊಸೆ, ಕಾನ್ಸೆಪ್ಸಿಯೋನ್, ಸಾನ್ ಮಿಗೆಲ್ ಹೀಗೆ ಒಂದೊಂದೇ ಊರು ಎದ್ದವು. 1760ರ ಹೊತ್ತಿಗೆ ಹತ್ತು ಊರು.

ಜನ ಯಾಕೆ ಬಂದು ನೆಲೆಸಿದರು? ದೇವರ ಮಾತು ಕೇಳಿ ಮನಸ್ಸು ಕರಗಿತು ಅಂತ ಪಾದ್ರಿಗಳ ಬರಹಗಳು ಹೇಳುತ್ತವೆ. ಕೆಲವರದ್ದು ಕರಗಿರಲೂಬಹುದು. ಆದರೆ ಗುಲಾಮರ ಬೇಟೆಯಿಂದ ಪಾರಾಗುವುದೇ ದೊಡ್ಡ ಕಾರಣ ಎಂದು ನನಗೆ ಕಾಣುತ್ತದೆ. ಊರೊಳಗೆ ಇದ್ದರೆ ಸ್ಪೇನಿನ ರಾಜನ ಕಾನೂನಿನ ರಕ್ಷಣೆ ಇತ್ತು. ಕಬ್ಬಿಣದ ಕೊಡಲಿ, ಚಾಕು ಸಿಗುತ್ತಿತ್ತು. ಕಾಡಿನ ಬದುಕಿಗೆ ಕಬ್ಬಿಣದ ಕೊಡಲಿ ಸಣ್ಣ ವಸ್ತುವಲ್ಲ. ಬದಲಿಗೆ ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಪ್ರಾರ್ಥನೆಗೆ ಬರಬೇಕು, ತಪ್ಪು ಮಾಡಿದರೆ ಚಾಟಿ ಏಟು ತಿನ್ನಬೇಕು. ಒಂದೇ ಕಡೆ ಜನ ಕೂಡಿ ಇದ್ದದ್ದರಿಂದ ಸಿಡುಬಿನಂಥ ರೋಗ ಬಂದಾಗ ಸಾವೂ ಒಟ್ಟಿಗೇ ಬರುತ್ತಿತ್ತು. ಇದನ್ನು ಬಿಟ್ಟು ಬರೀ ಪಿಟೀಲಿನ ಕಥೆ ಹೇಳಿದರೆ ಅದು ಅರ್ಧ ಕಥೆ.

ಪಾದ್ರಿ ಬಂದಾಗ ಇದ್ದ ಕಷ್ಟ

ನಮ್ಮ ಪಾದ್ರಿ ಹುಟ್ಟಿದ್ದು 1694ರಲ್ಲಿ, ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಊರಿನಲ್ಲಿ. 1717ರಲ್ಲಿ ಯೇಸುಸಭೆ ಸೇರಿದರು. ಮನೆ ಬಿಟ್ಟು ಸ್ಪೇನಿಗೆ ಹೋಗಿ, ಹಡಗಿಗಾಗಿ ವರ್ಷಗಟ್ಟಲೆ ಕಾದು, ಬ್ವೇನಸ್ ಐರಿಸ್ ತಲುಪಿದ್ದು 1729ರಲ್ಲಿ. ಅಲ್ಲಿಂದ ನೆಲದ ದಾರಿ ಹಿಡಿದು ಚಿಕಿತೋಸ್ ಸೀಮೆಗೆ ಬಂದಾಗ 1730. ವಯಸ್ಸು ಮೂವತ್ತಾರು.

ಆಗಿನ ಕ್ರಮ ಏನೆಂದರೆ ಒಂದು ಊರಿಗೆ ಸಾಮಾನ್ಯವಾಗಿ ಇಬ್ಬರು ಪಾದ್ರಿ. ಸುತ್ತ ಎರಡು ಮೂರು ಸಾವಿರ ಜನ. ಇಬ್ಬರಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಇನ್ನೊಬ್ಬರೇ ಎಲ್ಲ. ಊರಿನ ದಿನದ ಆಡಳಿತಕ್ಕೆ ಕಬಿಲ್ದೋ ಎಂಬ ಪಂಚಾಯ್ತಿ ಇತ್ತು, ಅದರಲ್ಲಿ ಇದ್ದವರು ಅಲ್ಲಿನ ಜನಾಂಗಗಳ ಹಿರಿಯರೇ. ಅಂದರೆ ಪಾದ್ರಿ ಮನಸ್ಸು ಮಾಡಿದರೂ ಎಲ್ಲವನ್ನೂ ತಾವೇ ಮಾಡಲು ಆಗುತ್ತಿರಲಿಲ್ಲ. ಕಲಿಸಲೇಬೇಕಿತ್ತು, ಬೇರೆ ದಾರಿ ಇರಲಿಲ್ಲ. ಮುಂದೆ ನಡೆದ ಎಲ್ಲ ಒಳ್ಳೆಯದಕ್ಕೂ ಈ ಕೊರತೆಯೇ ಬುಡ ಅಂತ ನಾನು ನಂಬುತ್ತೇನೆ. ಹತ್ತು ಜನ ಯುರೋಪಿನ ಸಂಗೀತಗಾರರು ಸಂಬಳಕ್ಕೆ ಬಂದು ಕೂತಿದ್ದರೆ ಅಲ್ಲಿನ ಮಕ್ಕಳು ಸುಮ್ನೆ ಕೇಳುಗರಾಗಿ ಉಳಿಯುತ್ತಿದ್ದರು.

ಮೊದಲ ಕಷ್ಟ ಮಾತು. ಎರಡನೆಯದು ವಾದ್ಯ. ಪೂಜೆಗೆ ಸಂಗೀತ ಬೇಕು, ಸಂಗೀತಕ್ಕೆ ಪಿಟೀಲು, ಹಾರ್ಪ್, ಆರ್ಗನ್ ಬೇಕು. ಯುರೋಪಿನಿಂದ ತರಿಸುವುದೆಂದರೆ ಸಮುದ್ರ ದಾಟಿ, ಆಮೇಲೆ ಎತ್ತಿನ ಗಾಡಿ, ಹೇಸರಗತ್ತೆ. ತಂದರೂ ಸೆಕೆಗೆ, ತೇವಕ್ಕೆ ಅಂಟು ಬಿಟ್ಟುಕೊಳ್ಳುತ್ತದೆ, ಹಲಗೆ ಸೀಳುತ್ತದೆ. ಮೂರನೆಯದು ಕಟ್ಟಡ. ಸಾವಿರಾರು ಜನ ಒಟ್ಟಿಗೆ ಸೇರುವ ಜಾಗ ಬೇಕು. ಹಳೆಯ ಹುಲ್ಲು ಮಾಡಿನ ಚರ್ಚುಗಳು ಚಿಕ್ಕವು, ಬಾಳಿಕೆ ಇಲ್ಲದವು. ಕಟ್ಟಲು ಗೊತ್ತಿದ್ದ ವಾಸ್ತುಶಿಲ್ಪಿ ಯಾರೂ ಇರಲಿಲ್ಲ.

ಮೊದಲು ಸಂಗೀತ

ಪಾದ್ರಿ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಸಂಗೀತ ಕಲಿತಿದ್ದರು. ಆದರೆ ವಾದ್ಯ ತಯಾರಿಸುವುದನ್ನು ಯಾರ ಹತ್ತಿರವೂ ಕಲಿತವರಲ್ಲ. ಅವರು ಊರಿಗೆ ಬರೆದ ಕೆಲವು ಪತ್ರಗಳು ಉಳಿದಿವೆ. ಅವುಗಳಲ್ಲಿ ಒಂದು ಸಂತೋಷ ಎದ್ದು ಕಾಣುತ್ತದೆ: ಗೊತ್ತಿಲ್ಲದ ಕೆಲಸಗಳನ್ನು ಅಗತ್ಯವೇ ಕಲಿಸಿತು, ಈಗ ಹಾಡುತ್ತೇನೆ, ಆರ್ಗನ್ ನುಡಿಸುತ್ತೇನೆ, ಕುಣಿಯುತ್ತೇನೆ ಕೂಡ ಎನ್ನುವ ಧಾಟಿ. ಪಾದ್ರಿ ಕುಣಿಯುವುದು ಸಣ್ಣ ಮಾತಲ್ಲ. ಹಬ್ಬಕ್ಕೆ ಕುಣಿತ ಬೇಕೇ ಬೇಕು ಎನ್ನುವುದು ಆ ಜನರ ಮನಸ್ಸಿನಲ್ಲಿತ್ತು. ಅದನ್ನು ಬಿಡಿಸುವ ಬದಲು ಪಾದ್ರಿ ತಾವೇ ಜೊತೆಗೆ ಸೇರಿಕೊಂಡರು.

ಇಲ್ಲಿ ಅವರು ತೆಗೆದುಕೊಂಡ ಒಂದು ತೀರ್ಮಾನವನ್ನು ನಿಧಾನವಾಗಿ ನೋಡಬೇಕು. ಸುಲಭದ ದಾರಿ ಯಾವುದಿತ್ತು? ಮಕ್ಕಳಿಗೆ ಕೆಲವು ಹಾಡುಗಳನ್ನು ಬಾಯಿಪಾಠ ಮಾಡಿಸುವುದು. ಒಂದೆರಡು ತಿಂಗಳಲ್ಲಿ ಕೆಲಸ ಆಗುತ್ತದೆ, ಹಬ್ಬದ ದಿನ ಚೆನ್ನಾಗಿ ಹಾಡುತ್ತಾರೆ, ಬಂದ ಅತಿಥಿಗಳು ಮೆಚ್ಚುತ್ತಾರೆ. ಪಾದ್ರಿ ಆ ದಾರಿ ಹಿಡಿಯಲಿಲ್ಲ. ಸ್ವರಲಿಪಿ ಓದಲು ಕಲಿಸಿದರು. ಬರೆಯಲು ಕಲಿಸಿದರು. ಇರುವ ಹಾಳೆಯಿಂದ ಇನ್ನೊಂದು ಹಾಳೆ ನಕಲು ಮಾಡಲು ಕಲಿಸಿದರು. ಅದರ ಜೊತೆಗೆ ಅಲ್ಲಿನ ಮರದಿಂದಲೇ ಪಿಟೀಲು ಮಾಡಲು ಕಲಿಸಿದರು. ಸೆದ್ರೋ ಎಂಬ ಮರ ಅಲ್ಲೇ ಬೆಳೆಯುತ್ತಿತ್ತು. ಊರೂರಿಗೂ ವಾದ್ಯ ಮಾಡುವವರು ತಯಾರಾದರು.

ಇದಕ್ಕೆ ಎಷ್ಟು ವರ್ಷ ಬೇಕು ಅಂತ ಸಂಗೀತ ಕಲಿತವರಿಗೆ ಗೊತ್ತು. ಸಾ ಪಾ ಸಾ ಸರಿ ಹಿಡಿಯುವುದಕ್ಕೇ ವರ್ಷ ಬೇಕು. ಕೈ, ಕಿವಿ, ಕಣ್ಣು ಮೂರೂ ಒಟ್ಟಿಗೆ ಕೂರಬೇಕು. ಆದರೂ ಕೆಲವೇ ವರ್ಷಗಳಲ್ಲಿ ಊರುಗಳಲ್ಲಿ ಮೂವತ್ತು, ನಲವತ್ತು ಜನರ ಮೇಳಗಳು ನಿಂತವು. ಹಾಡುಗಾರರು, ಪಿಟೀಲು, ಹಾರ್ಪ್, ತುತ್ತೂರಿ, ಜೊತೆಗೆ ಆರ್ಗನ್. ನುಡಿಸುತ್ತಿದ್ದದ್ದು ಆ ಕಾಲದ ಯುರೋಪಿನ ಬರೋಕ್ ಸಂಗೀತ. ಇಟಲಿಯ ಡೊಮೆನಿಕೊ ಜಿಪೊಲಿ ಅವರು ಯೇಸುಸಭೆ ಸೇರಿ ದಕ್ಷಿಣ ಅಮೆರಿಕಕ್ಕೆ ಬಂದು 1726ರಲ್ಲಿ ಕಾರ್ದೊಬಾ ಊರಿನಲ್ಲಿ ತೀರಿಕೊಂಡಿದ್ದರು. ಅವರ ರಚನೆಗಳು ಕೈಯಿಂದ ಕೈಗೆ ನಕಲಾಗುತ್ತಾ ಈ ಕಾಡಿನ ಊರುಗಳಿಗೆ ಬಂದವು. ಜಿಪೊಲಿ ಚಿಕಿತೋಸ್‌ಗೆ ಕಾಲಿಟ್ಟವರಲ್ಲ. ಹಾಳೆ ಕಾಲಿಟ್ಟಿತು.

ಯುರೋಪಿನ ವಾದ್ಯ ಹೊರಗಿನದ್ದು, ಅದನ್ನು ಆ ಜನರ ಮೇಲೆ ಹೇರಿದರು ಎಂಬ ಆಕ್ಷೇಪ ನನಗೂ ಗೊತ್ತಿದೆ. ಅದರಲ್ಲಿ ನಿಜ ಇದೆ. ಆದರೆ ನಾವು ಕನ್ನಡಿಗರು ಇದನ್ನು ಸ್ವಲ್ಪ ತಡೆದು ಯೋಚಿಸಬೇಕು. ಪಿಟೀಲು ನಮ್ಮಲ್ಲಿಗೂ ಯುರೋಪಿನಿಂದಲೇ ಬಂತು. ನಮ್ಮವರು ಅದನ್ನು ಭುಜದ ಮೇಲಿಂದ ಇಳಿಸಿ ಪಾದಕ್ಕೆ ತಾಗಿಸಿ, ಗಮಕಕ್ಕೆ ಒಗ್ಗಿಸಿ, ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ, ಇವತ್ತು ಪಿಟೀಲು ಇಲ್ಲದ ಕಚೇರಿ ಊಹಿಸಲೂ ಆಗದ ಹಾಗೆ ಮಾಡಿದರು. ವಾದ್ಯ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದು ಯಾರ ಕೈಗೆ ಬಂತು, ಆ ಕೈಗೆ ಅದನ್ನು ಬಿಚ್ಚಿ ಮತ್ತೆ ಕಟ್ಟುವಷ್ಟು ಹಕ್ಕು ಸಿಕ್ಕಿತೇ ಎನ್ನುವುದು ದೊಡ್ಡದು. ಚಿಕಿತೋಸ್‌ನಲ್ಲಿ ಆ ಹಕ್ಕು ಸ್ವಲ್ಪ ಮಟ್ಟಿಗೆ ಸಿಕ್ಕಿತು. ಅಲ್ಲಿನ ಭಾಷೆಯಲ್ಲೇ ಹಾಡುಗಳು ಬಂದವು. ಸಂತ ಕ್ಸೇವಿಯರ್ ಕುರಿತ ಒಂದು ಪುಟ್ಟ ಅಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ಪೂರ್ತಿ ಚಿಕಿತಾನೋ ಭಾಷೆಯಲ್ಲಿದೆ. ಬರೆದವರು ಯಾರೆಂದು ಹಾಳೆಯಲ್ಲಿ ಇಲ್ಲ.

ಕಂಬದ ತೀರ್ಮಾನ

ಸುಮಾರು ಹದಿನೇಳು ವರ್ಷ ಹೀಗೆ ಕಳೆದ ಮೇಲೆ, 1747ರಲ್ಲಿ, ಪಾದ್ರಿ ಸಾನ್ ರಫಾಯೆಲ್ ಊರಿನಲ್ಲಿ ಚರ್ಚು ಕಟ್ಟಲು ಕೈ ಹಾಕಿದರು. ವಯಸ್ಸು ಐವತ್ತು ದಾಟಿತ್ತು. ಅಷ್ಟರಲ್ಲಿ ಅವರಿಗೆ ಮರ ಗೊತ್ತಿತ್ತು, ಬಡಗಿಗಳು ಗೊತ್ತಿದ್ದರು. ಹದಿನೇಳು ವರ್ಷದ ವಾದ್ಯದ ಕೆಲಸ ಒಂದು ರೀತಿಯಲ್ಲಿ ಇದರ ತಯಾರಿಯೇ ಆಗಿತ್ತು. ಯಾವ ಮರ ಸೀಳುತ್ತದೆ, ಯಾವುದು ಬಾಗುತ್ತದೆ, ಯಾವುದಕ್ಕೆ ಗೆದ್ದಲು ಹಿಡಿಯುವುದಿಲ್ಲ ಎನ್ನುವುದು ಆ ಊರಿನವರ ಕೈಗೆ ಗೊತ್ತಿತ್ತು.

ಯುರೋಪಿನಲ್ಲಿ ದೊಡ್ಡ ಚರ್ಚು ಅಂದರೆ ಕಲ್ಲಿನ ಗೋಡೆ ಮೊದಲು. ಗೋಡೆ ಮಾಡನ್ನು ಹೊರುತ್ತದೆ. ಇಲ್ಲಿ ಹಾಗೆ ಮಾಡಿದರೆ ಏನಾಗುತ್ತಿತ್ತು ನೋಡಿ. ಕೈಗೆ ಸಿಗುವುದು ಹಸಿ ಇಟ್ಟಿಗೆ, ಅಂದರೆ ಬಿಸಿಲಿಗೆ ಒಣಗಿಸಿದ ಮಣ್ಣು. ಮಾಡಿಲ್ಲದ ಮಣ್ಣಿನ ಗೋಡೆಯ ಮೇಲೆ ಒಂದು ಮಳೆಗಾಲ ಹೋದರೆ ಗೋಡೆ ಕರಗಿ ಕೆಸರು. ಅಷ್ಟು ಎತ್ತರದ ಮಾಡಿನ ಭಾರ ಹೊರುವ ಶಕ್ತಿಯೂ ಅದಕ್ಕಿಲ್ಲ.

ಹಾಗಾಗಿ ಕ್ರಮ ತಿರುವುಮುರುವಾಯಿತು. ಮೊದಲು ಕಂಬ. ಆಮೇಲೆ ಮಾಡು. ಕೊನೆಗೆ, ಮಾಡಿನ ನೆರಳಿನಲ್ಲಿ ನಿಧಾನವಾಗಿ, ಗೋಡೆ. ಗೋಡೆ ಏನನ್ನೂ ಹೊರುವುದಿಲ್ಲ. ಅದು ಬರೀ ಮರೆ. ಗೋಡೆ ಬಿದ್ದರೂ ಚರ್ಚು ನಿಂತಿರುತ್ತದೆ. ಕಂಬಗಳ ಮೇಲೆ ದೊಡ್ಡ ಮಾಡನ್ನು ನಿಲ್ಲಿಸುವ ಈ ಪದ್ಧತಿ ಯೇಸುಸಭೆಯ ಬೇರೆ ಸೀಮೆಗಳಲ್ಲೂ ಬಳಕೆಯಲ್ಲಿತ್ತು. ಕಾಡಿನ ಜನಕ್ಕೆ ಇದು ಹೊಸದಲ್ಲ, ನಾಲ್ಕು ಗೂಟ ನೆಟ್ಟು ಮೇಲೆ ಹುಲ್ಲು ಹೊದಿಸುವುದು ಅವರಿಗೆ ಮೊದಲೇ ಗೊತ್ತು. ಪಾದ್ರಿ ಆ ಅಳತೆಯನ್ನು ದೊಡ್ಡದು ಮಾಡಿದರು. ನಮ್ಮ ಮಲೆನಾಡಿನ ತೊಟ್ಟಿ ಮನೆಯ ಮರದ ಕಂಬಗಳನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಮಳೆ ಜೋರಿರುವ ಕಡೆ ಬುದ್ಧಿವಂತಿಕೆ ಇರುವುದು ಮಾಡಿನ ಚಾಚಿನಲ್ಲಿ.

ಒಂದು ಕಂಬವನ್ನು ಹತ್ತಿರದಿಂದ ನೋಡೋಣ. ಅದು ಒಂದೇ ಮರದ ಕಾಂಡ. ಕುಚಿ ಎಂಬ ಜಾತಿಯ ಮರ. ಕಬ್ಬಿಣದಂತೆ ಗಟ್ಟಿ, ಭಾರ, ನೆಲದಲ್ಲಿ ಹೂತರೂ ಬೇಗ ಕೊಳೆಯದು. ಅದನ್ನು ಕಾಡಿನಲ್ಲಿ ಕಡಿದು, ಊರಿನವರು ಎಳೆದು ತಂದು, ಬುಡವನ್ನು ಆಳಕ್ಕೆ ಹೂತು ನಿಲ್ಲಿಸಿದರು. ಕಾಂಡದ ಮೈಯನ್ನು ಹಗ್ಗ ಹೊಸೆದ ಹಾಗೆ ಸುರುಳಿ ಸುರುಳಿಯಾಗಿ ಕೆತ್ತಿದರು. ಯುರೋಪಿನಲ್ಲಿ ಅಮೃತಶಿಲೆಯಲ್ಲೋ ಕಂಚಿನಲ್ಲೋ ಮಾಡುವ ಸುರುಳಿ ಕಂಬವೇ ಅದು. ಆದರೆ ಇಲ್ಲಿ ಉಳಿ ಬಿದ್ದದ್ದು ಕುಚಿ ಮರದ ಮೇಲೆ. ಗಟ್ಟಿ ಮರದಲ್ಲಿ ಸುರುಳಿ ಕೆತ್ತುವಾಗ ಒಂದು ಏಟು ತಪ್ಪಿದರೆ ತಿದ್ದಲು ಬರುವುದಿಲ್ಲ. ಸಾಲಾಗಿ ನಿಂತ ಕಂಬಗಳು ಚರ್ಚನ್ನು ಉದ್ದಕ್ಕೆ ಮೂರು ಓಣಿಗಳಾಗಿ ಮಾಡುತ್ತವೆ. ಹೊರಗಡೆಯೂ ಕಂಬಗಳ ಸಾಲು, ಅವುಗಳ ಮೇಲೆ ಮುಂದಕ್ಕೆ ಚಾಚಿದ ಹೆಂಚಿನ ಮಾಡು. ಮಳೆ ನೀರು ಗೋಡೆಯಿಂದ ದೂರಕ್ಕೆ ಬೀಳುತ್ತದೆ.

ಒಳಗೆ ಗೋಡೆಗೆ ಮಣ್ಣಿನ ಬಣ್ಣಗಳಲ್ಲಿ ಹೂವು, ಬಳ್ಳಿ ಬರೆದರು. ಕೆಲವು ಊರುಗಳಲ್ಲಿ ಅಲ್ಲೇ ಸಿಗುವ ಅಭ್ರಕದ ತೆಳು ಹಾಳೆಗಳನ್ನು ಅಂಟಿಸಿದರು. ದೀಪ ಹಚ್ಚಿದರೆ ಗೋಡೆ ಮಿನುಗುತ್ತದೆ. ಚಿನ್ನ ತರಿಸಲು ಹಣ ಇಲ್ಲದ ಕಡೆ ಅಭ್ರಕ ಚಿನ್ನದ ಕೆಲಸ ಮಾಡಿತು.

ಸಾನ್ ರಫಾಯೆಲ್ ಆದ ಮೇಲೆ ಸಾನ್ ಹಾವಿಯೆರ್, ಅದಾದ ಮೇಲೆ ಕಾನ್ಸೆಪ್ಸಿಯೋನ್. ಸುಮಾರು ಹತ್ತು ವರ್ಷದಲ್ಲಿ ಮೂರು ದೊಡ್ಡ ಚರ್ಚು. ಸಾನ್ ಮಿಗೆಲ್, ಸಾಂತಾ ಆನಾ ಊರುಗಳಲ್ಲೂ ಅದೇ ರೀತಿಯ ಚರ್ಚುಗಳು ಎದ್ದವು. ಬಡಗಿಗಳಿಗೆ ಲೆಕ್ಕ ಗೊತ್ತಾಗಿತ್ತು.

1767

ಆ ವರ್ಷದ ಫೆಬ್ರವರಿಯಲ್ಲಿ ಸ್ಪೇನಿನ ರಾಜ ಮೂರನೇ ಕಾರ್ಲೋಸ್ ಒಂದು ಆಜ್ಞೆಗೆ ಸಹಿ ಹಾಕಿದ. ತನ್ನ ರಾಜ್ಯದಿಂದ ಯೇಸುಸಭೆಯವರೆಲ್ಲ ಹೊರಗೆ ಹೋಗಬೇಕು. ಆಜ್ಞೆ ಸಮುದ್ರ ದಾಟಿ ಚಿಕಿತೋಸ್ ತಲುಪಿತು, ಸೈನಿಕರು ಬಂದರು. ಪಾದ್ರಿಗೆ ಆಗ ಎಪ್ಪತ್ತು ದಾಟಿತ್ತು. ಮೂವತ್ತೇಳು ವರ್ಷ ಇದ್ದ ಊರುಗಳನ್ನು ಬಿಟ್ಟು, ಆಂಡಿಸ್ ಪರ್ವತ ದಾಟಿ, ಪೆಸಿಫಿಕ್ ಕರಾವಳಿ, ಅಲ್ಲಿಂದ ಹಡಗು. ದಾರಿಯಲ್ಲೇ ಸತ್ತವರು ಎಷ್ಟೋ ಜನ. ನಮ್ಮ ಪಾದ್ರಿ ಬದುಕಿ ಸ್ವಿಟ್ಜರ್ಲೆಂಡಿನ ಲೂಸರ್ನ್ ತಲುಪಿದರು. 1772ರಲ್ಲಿ ಅಲ್ಲೇ ತೀರಿಕೊಂಡರು.

ಒಂದು ಕೆಲಸ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಅಂತ ತಿಳಿಯಲು ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಕಲಿಸಿದವರು ಒಮ್ಮೆಗೇ ಮಾಯ. ಹೋಗುವಾಗ ಏನನ್ನೂ ಸರಿಯಾಗಿ ಒಪ್ಪಿಸಿ ಹೋಗಲು ಸಮಯ ಇಲ್ಲ. ಪತ್ರ ಬರೆದು ಕೇಳುವುದಕ್ಕೂ ಇಲ್ಲ.

ಈ ಪರೀಕ್ಷೆಯಲ್ಲಿ ಬಿದ್ದದ್ದು ಯಾವುದು ಅಂತ ಮೊದಲು ಹೇಳುತ್ತೇನೆ. ಊರಿನ ವ್ಯವಹಾರ ಬಿತ್ತು. ಜೇನುಮೇಣ ಮತ್ತು ಹತ್ತಿ ಬಟ್ಟೆ ಊರುಗಳಿಂದ ಹೊರಗೆ ಹೋಗುತ್ತಿತ್ತು, ಕಬ್ಬಿಣದ ಸಾಮಾನು ಒಳಗೆ ಬರುತ್ತಿತ್ತು. ಈ ಲೆಕ್ಕ, ಈ ಪೇಟೆ, ಹೊರಗಿನವರ ಜೊತೆಗಿನ ಮಾತುಕತೆ ಎಲ್ಲ ಪಾದ್ರಿಗಳ ಕೈಯಲ್ಲೇ ಇತ್ತು. ಹೊರಗಿನ ವ್ಯಾಪಾರಿಗಳಿಂದ ಜನರನ್ನು ಕಾಪಾಡಲೆಂದೇ ಹಾಗೆ ಮಾಡಿದ್ದರು, ಉದ್ದೇಶ ಒಳ್ಳೆಯದೇ. ಆದರೆ ಕಾಪಾಡುವವರು ಹೋದ ದಿನ, ಪೇಟೆಯಲ್ಲಿ ತಮ್ಮ ಪರವಾಗಿ ಮಾತಾಡಲು ಅಭ್ಯಾಸ ಇರುವವರು ಊರಿನಲ್ಲಿ ಇರಲಿಲ್ಲ. ಎಪ್ಪತ್ತಾರು ವರ್ಷದಲ್ಲಿ ಆ ಜನರ ನಡುವಿನಿಂದ ಪಾದ್ರಿಗಳನ್ನು ತಯಾರು ಮಾಡಲಿಲ್ಲ. ಆಮೇಲೆ ಬಂದ ಆಡಳಿತಗಾರರು ಊರಿನ ದನ, ಮೇಣ, ಬಟ್ಟೆ ದೋಚಿದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ರಬ್ಬರಿನ ವ್ಯಾಪಾರ ಬಂದಾಗ ಚಿಕಿತಾನೋ ಜನ ಸಾಲದ ಬಲೆಗೆ ಬಿದ್ದು ಕಾಡಿನ ಕೆಲಸಕ್ಕೆ ಎಳೆಯಲ್ಪಟ್ಟರು. ಗುಲಾಮರ ಬೇಟೆಯಿಂದ ತಪ್ಪಿಸಿಕೊಳ್ಳಲು ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಅವರು. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ನಷ್ಟ ಭಾಷೆಯದ್ದು. ಹತ್ತಾರು ಭಾಷೆಗಳ ಜನ ಒಂದೇ ಊರಿನಲ್ಲಿ ಇದ್ದಾಗ ಪಾದ್ರಿಗಳು ಚಿಕಿತಾನೋ ಭಾಷೆಯನ್ನು ಎಲ್ಲರಿಗೂ ಸಾಮಾನ್ಯ ಮಾಡಿದರು. ಕೆಲಸ ಸುಲಭವಾಯಿತು. ಸಣ್ಣ ಭಾಷೆಗಳು ಒಂದೊಂದಾಗಿ ಅಡಗಿದವು. ಹಾಗೆ ಗೆದ್ದ ಭಾಷೆಯೂ ಈಗ ಸ್ಪ್ಯಾನಿಷ್ ಎದುರು ಸೋಲುತ್ತಿದೆ. ಬೆಸಿರೋ ಎಂದು ಕರೆಯುವ ಆ ಭಾಷೆಗೆ 2009ರ ಬೊಲಿವಿಯಾ ಸಂವಿಧಾನ ಅಧಿಕೃತ ಸ್ಥಾನ ಕೊಟ್ಟಿದೆ. ಆದರೆ ಮಾತಾಡುವವರು ಹೆಚ್ಚಾಗಿ ವಯಸ್ಸಾದವರು.

ಉಳಿದದ್ದು

ಇನ್ನು ಉಳಿದದ್ದರ ವಿಷಯ. ಇಲ್ಲಿ ನಿಧಾನಕ್ಕೆ ಹೋಗುತ್ತೇನೆ.

ಪಾದ್ರಿಗಳು ಹೋದ ಮೇಲೂ ಮೇಳದ ಮುಖ್ಯಸ್ಥರು ಇದ್ದರು. ಅವರು ಊರಿನವರೇ. ಓದಲು, ನುಡಿಸಲು, ನಕಲು ಮಾಡಲು ಗೊತ್ತಿದ್ದವರು. ಹಬ್ಬ ಬಂದರೆ ನುಡಿಸಬೇಕು, ನುಡಿಸಬೇಕೆಂದರೆ ಹಾಳೆ ಬೇಕು. ಹಳೆಯ ಹಾಳೆ ಹುಳ ತಿಂದರೆ, ತೇವಕ್ಕೆ ಹಾಳಾದರೆ, ಹೊಸದರ ಮೇಲೆ ನಕಲು ಮಾಡಿದರು. ಅಪ್ಪನಿಂದ ಮಗ, ಮಗನಿಂದ ಮೊಮ್ಮಗ. ಯಾರೂ ಹೇಳದೆ, ಯಾರೂ ಸಂಬಳ ಕೊಡದೆ. ನಿಧಾನವಾಗಿ ಓದುವ ಶಕ್ತಿ ಕುಂದಿತು, ಹಾಡು ಕಿವಿಯಿಂದ ಕಿವಿಗೆ ಬರತೊಡಗಿತು. ಆದರೂ ಹಾಳೆಗಳನ್ನು ಬಿಸಾಡಲಿಲ್ಲ. ಕಬಿಲ್ದೋ ಕೂಡ ಉಳಿಯಿತು. ಹಬ್ಬದ ದಿನ ಹಿರಿಯರು ಹಳೆಯ ಉಪದೇಶದ ಮಾತುಗಳನ್ನು ಚಿಕಿತಾನೋ ಭಾಷೆಯಲ್ಲೇ ಹೇಳುವ ಪದ್ಧತಿಯೂ ಉಳಿಯಿತು.

1972ರಲ್ಲಿ ಸಾನ್ ರಫಾಯೆಲ್ ಚರ್ಚಿನ ದುರಸ್ತಿಗೆ ಒಬ್ಬ ವಾಸ್ತುಶಿಲ್ಪಿ ಬಂದರು. ಅವರೂ ಸ್ವಿಟ್ಜರ್ಲೆಂಡಿನವರೇ. ಚರ್ಚುಗಳು ಬೀಳುವ ಹಂತದಲ್ಲಿದ್ದವು. ಹೆಂಚು ಜಾರಿತ್ತು, ಗೋಡೆ ಬಿರುಕು ಬಿಟ್ಟಿತ್ತು, ಕೆಲವು ಕಂಬಗಳ ಬುಡ ಕೊಳೆತಿತ್ತು. ಆದರೆ ಮಾಡನ್ನು ಹೊತ್ತದ್ದು ಕಂಬ, ಗೋಡೆ ಅಲ್ಲ. ಆ 1747ರ ತೀರ್ಮಾನದಿಂದಾಗಿ ಒಂದೊಂದೇ ಕಂಬ, ಒಂದೊಂದೇ ಗೋಡೆ ಬದಲಿಸುತ್ತಾ ಇಡೀ ಕಟ್ಟಡವನ್ನು ಉಳಿಸಲು ಸಾಧ್ಯವಾಯಿತು.

ವಾಸ್ತುಶಿಲ್ಪಿಯೂ ಹಳೆಯ ಪಾದ್ರಿಯ ದಾರಿಯನ್ನೇ ಹಿಡಿದರು. ನಗರದಿಂದ ಗುತ್ತಿಗೆದಾರರನ್ನು ಕರೆಸಲಿಲ್ಲ. ಊರಿನ ಹುಡುಗರಿಗೆ ಉಳಿ, ಕೊಡತಿ ಕೊಟ್ಟು ಕಾರ್ಯಾಗಾರ ಶುರು ಮಾಡಿದರು. ಕೆಲಸ ನಿಧಾನವಾಯಿತು. ಆದರೆ 1999ರಲ್ಲಿ ಅವರು ತೀರಿಕೊಂಡಾಗ ಕೆಲಸ ಗೊತ್ತಿದ್ದ ಬಡಗಿಗಳು ಊರೂರಿನಲ್ಲಿದ್ದರು. ಕೆತ್ತನೆ ಇವತ್ತು ಅಲ್ಲಿನ ಮನೆಗಳಿಗೆ ಒಂದು ದುಡಿಮೆ.

ಆ ದುರಸ್ತಿಯ ಕಾಲದಲ್ಲೇ ಹಾಳೆಗಳು ಹೊರಗೆ ಬಂದವು. ಸಾನ್ ರಫಾಯೆಲ್ ಮತ್ತು ಸಾಂತಾ ಆನಾ ಊರುಗಳಲ್ಲಿ ಇಟ್ಟುಕೊಂಡು ಬಂದಿದ್ದ 5,000ಕ್ಕೂ ಹೆಚ್ಚು ಪುಟ ಸಂಗೀತ. ಅವನ್ನು ಈಗ ಕಾನ್ಸೆಪ್ಸಿಯೋನ್‌ನಲ್ಲಿ ಕಾಪಾಡಿ ಇಟ್ಟಿದ್ದಾರೆ. ಪೋಲೆಂಡಿನಿಂದ ಬಂದ ಒಬ್ಬ ಪಾದ್ರಿ, ಸಂಗೀತದ ವಿದ್ವಾಂಸರು, ವರ್ಷಗಟ್ಟಲೆ ಕೂತು ಹಾಳೆಗಳನ್ನು ಓದಿ, ಬೇರೆಯಾದ ಪುಟಗಳನ್ನು ಜೋಡಿಸಿ, ನುಡಿಸುವ ಹಾಗೆ ಮಾಡಿದರು. ಯುರೋಪಿನ ಯಾವ ಸಂಗ್ರಹದಲ್ಲೂ ಇಲ್ಲದ ಜಿಪೊಲಿಯ ಕೆಲವು ರಚನೆಗಳು ಇಲ್ಲಿ ಸಿಕ್ಕವು. 1990ರಲ್ಲಿ ಯುನೆಸ್ಕೊ ಆರು ಊರುಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. 1996ರಿಂದ ಎರಡು ವರ್ಷಕ್ಕೊಮ್ಮೆ ಈ ಚರ್ಚುಗಳಲ್ಲಿ ಬರೋಕ್ ಸಂಗೀತದ ದೊಡ್ಡ ಹಬ್ಬ ನಡೆಯುತ್ತಿದೆ. ಅಲ್ಲಿನ ಮಕ್ಕಳ ಮೇಳಗಳೂ ನುಡಿಸುತ್ತವೆ.

ಯುನೆಸ್ಕೊ ಪಟ್ಟಿ, ಹಬ್ಬ, ಪ್ರವಾಸಿಗರು ಎಲ್ಲವೂ ಸಂತೋಷದ ವಿಷಯವೇ. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಇನ್ನೂರು ವರ್ಷಗಳ ಕಡೆಗೆ, 1767ರಿಂದ 1972ರವರೆಗೆ. ಆಗ ಯಾವ ಸಂಸ್ಥೆಯೂ ಇರಲಿಲ್ಲ. ಇದು ಬೆಲೆಬಾಳುವ ಕಾಗದ ಅಂತ ಹೇಳುವವರೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದ ವರ್ಷಗಳಲ್ಲೂ ನಕಲುಗಾರರು ಕಾಗದ ಹೊಂದಿಸಿಕೊಂಡು ಐದು ಗೆರೆ ಎಳೆದು ಸ್ವರ ಬರೆದರು. ಪಾದ್ರಿ ಹಾಡುಗಳನ್ನಷ್ಟೇ ಕಲಿಸಿದ್ದರೆ ಈ ಪೈಕಿ ಏನೂ ನಡೆಯುತ್ತಿರಲಿಲ್ಲ. ಬರೆಯುವುದನ್ನು ಕಲಿಸಿದ್ದರಿಂದ ನಡೆಯಿತು. ಚರ್ಚಿನ ವಿಷಯವೂ ಅಷ್ಟೆ. ಪಾದ್ರಿ ಕೊಟ್ಟದ್ದರಲ್ಲಿ ಊರಿನವರು ತಮ್ಮ ಕೈಯಿಂದ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಕಟ್ಟಬಹುದಾಗಿದ್ದದ್ದು ಉಳಿಯಿತು. ಪಾದ್ರಿಗಳು ತಮ್ಮ ಕೈಯಲ್ಲೇ ಇಟ್ಟುಕೊಂಡ ಲೆಕ್ಕ, ಪೇಟೆ, ಪೀಠ ಅವರ ಜೊತೆಗೇ ಹೋಯಿತು. ಒಬ್ಬರೇ ಮನುಷ್ಯರ ಕೆಲಸದಲ್ಲಿ ಎರಡೂ ಇದ್ದವು. ಅವರನ್ನು ದೇವರ ಪಟ್ಟಕ್ಕೆ ಏರಿಸುವುದೂ ಬೇಡ, ಬರೀ ದಬ್ಬಾಳಿಕೆ ಮಾಡಿದರು ಅಂತ ತಳ್ಳಿಹಾಕುವುದೂ ಬೇಡ. ಯಾವ ತೀರ್ಮಾನ ಯಾರ ಕೈಗೆ ಏನನ್ನು ಕೊಟ್ಟಿತು ಅಂತ ಒಂದೊಂದಾಗಿ ನೋಡಿದರೆ ಜಾಸ್ತಿ ಕಲಿಯಬಹುದು.

ಕ್ಸೇವಿಯರ್ ಕುರಿತ ಆ ಪುಟ್ಟ ಅಪೆರಾ ಈಗ ಮತ್ತೆ ಕೇಳಲು ಸಿಗುತ್ತದೆ. ಸ್ವರಗಳ ಕೆಳಗೆ ಬರೆದಿರುವುದು ಬೆಸಿರೋ ಮಾತು. ಸ್ಪ್ಯಾನಿಷ್‌ನಲ್ಲೇ ಬೆಳೆದ ಇಂದಿನ ಮಕ್ಕಳು ಪಿಟೀಲಿನ ಸಾಲನ್ನು ನೋಡಿದ ಕೂಡಲೇ ನುಡಿಸಬಲ್ಲರು. ಅದರ ಕೆಳಗಿನ ಸಾಲಿನ ಒಂದೊಂದು ಪದವನ್ನು ಬಾಯಲ್ಲಿ ಹೇಗೆ ತಿರುಗಿಸಬೇಕು ಅಂತ ಕೇಳಲು ಊರಿನ ಅಜ್ಜ ಅಜ್ಜಿಯರ ಹತ್ತಿರವೇ ಹೋಗಿ ಕೂರಬೇಕು. ಅವರು ಇನ್ನೂ ಇದ್ದಾರೆ.